ರೂಬಿಕ್ಸ್ ಕ್ಯೂಬಿನ ಆರ್, ಯು, ಎಲ್ ಅಕ್ಷರಗಳನ್ನು ಬಾಯಿಪಾಠ ಮಾಡೋಕೆ ಕನ್ನಡದಲ್ಲಿ ಚಾರ್ಟ್ ಇದೆಯಾ? ಹಳದಿ ಮೂಲೆ ಕೂರಿಸುವಾಗ ಕೆಳಗಿನದೆಲ್ಲ ಕೆಡುತ್ತೆ.

ಚಾರ್ಟ್ ಬೇಡ. ಬಾಯಿಪಾಠ ಅಂತೂ ಬೇಡವೇ ಬೇಡ. ಒಂದೊಂದು ಅಕ್ಷರವೂ ಒಂದು ಮುಖ: ಆರ್ ಬಲ, ಎಲ್ ಎಡ, ಯು ಮೇಲೆ, ಡಿ ಕೆಳಗೆ, ಎಫ್ ಮುಂದೆ, ಬಿ ಹಿಂದೆ. ಪ್ರೈಮ್ ಅಂದ್ರೆ ಅದೇ ಮುಖವನ್ನು ಉಲ್ಟಾ ತಿರುಗಿಸೋದು. ಹಳದಿ ಮೂಲೆ ಕೂರಿಸುವಾಗ ಕೆಳಗಿನದೆಲ್ಲ ಕೆಡುತ್ತೆ ಅಂತ ಬರೆದಿದ್ದೀರಲ್ಲ, ನಾನು ಒಂದಿಡೀ ಮಳೆಗಾಲ ಅಲ್ಲೇ ಸಿಕ್ಕಿಹಾಕಿಕೊಂಡಿದ್ದೆ.

ಆಗ ಪಿಯುಸಿ. ತೀರ್ಥಹಳ್ಳಿ ಹತ್ತಿರ ನಮ್ಮ ಮನೆ. ಮಳೆ ಹಿಡಿಯಿತು ಅಂದ್ರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಶಿವಮೊಗ್ಗದಲ್ಲಿ ಓದುತ್ತಿದ್ದ ಚಿಕ್ಕಪ್ಪನ ಮಗ ಕ್ಯೂಬ್ ಕೊಟ್ಟು, ಒಂದು ಹಾಳೆಯಲ್ಲಿ ಸೂತ್ರಗಳನ್ನು ಬರೆದಿಟ್ಟು ಹೋಗಿದ್ದ. ಬರೀ ಅಕ್ಷರ, ಚಿತ್ರ ಇಲ್ಲ. ಜಗಲಿಯಲ್ಲಿ ಕೂತು ಬಿಳಿ ಪದರ, ನಡುವಿನ ಪದರ, ಮೇಲಿನ ಹಳದಿ ಪ್ಲಸ್ ತನಕ ಬಂದೆ. ಮುಂದಿನದು ಮೂಲೆಗಳ ಸೂತ್ರ: ಯು, ಆರ್, ಯು ಪ್ರೈಮ್, ಎಲ್ ಪ್ರೈಮ್, ಯು, ಆರ್ ಪ್ರೈಮ್, ಯು ಪ್ರೈಮ್, ಎಲ್. ಅದನ್ನು ಮಾಡಿದಾಗಲೆಲ್ಲ ಕೆಳಗೆ ಹಿಂಬದಿಯ ಎಡ ಮೂಲೆಯಲ್ಲಿದ್ದ ಬಿಳಿ ತುಂಡು ಎದ್ದು ಮೇಲೆ ಬರುತ್ತಿತ್ತು!

ಕಾರಣ ಇಷ್ಟೇ. ಆರ್ ಅಂದ್ರೆ ಬಲಗಡೆ ಎದುರಿನ ಸಾಲು ಮೇಲೆ ಹೋಗುತ್ತೆ, ಆರ್ ಪ್ರೈಮ್ ಅಂದ್ರೆ ಕೆಳಗೆ. ಹಾಗಾದ್ರೆ ಎಲ್ ಪ್ರೈಮ್‌ಗೂ ಕೆಳಗೇ ಅಂದುಕೊಂಡೆ. ಅದು ಉಲ್ಟಾ. ಪ್ರತಿ ಮುಖವನ್ನೂ ಆ ಮುಖದ ಎದುರು ನಿಂತು ನೋಡಬೇಕು. ಎಡ ಮುಖವನ್ನು ಎಡಗಡೆಯಿಂದ ನೋಡಿ ಗಡಿಯಾರದ ಮುಳ್ಳಿನಂತೆ ತಿರುಗಿಸಿದರೆ ಎದುರಿನ ಸಾಲು ಕೆಳಗಿಳಿಯುತ್ತೆ. ಎಲ್ ಅಂದ್ರೆ ಅದು. ಎಲ್ ಪ್ರೈಮ್‌ಗೆ ಮೇಲೇರುತ್ತೆ. ಡಿ ಕೂಡ ಹಾಗೇ, ಅಡಿಯಿಂದ ನೋಡಬೇಕು. ಯು ತಿರುಗಿಸಿದರೆ ಎದುರಿನ ಸಾಲು ಎಡಕ್ಕೆ, ಡಿ ತಿರುಗಿಸಿದರೆ ಬಲಕ್ಕೆ. ಬಿ ಹಿಂದಿನಿಂದ.

ನಾನು ಕ್ಯೂಬೇ ಸರಿ ಇಲ್ಲ ಅಂತ ಬಿಚ್ಚಿ, ಕೈಗೆ ಸಿಕ್ಕಂತೆ ಜೋಡಿಸಿದೆ. ಹಾಗೆ ಜೋಡಿಸಿದ ಕ್ಯೂಬ್ ಬಗೆಹರಿಯುವ ಸಾಧ್ಯತೆ 12ರಲ್ಲಿ 1 ಮಾತ್ರ. ಅದು ಗೊತ್ತಾಗುವಷ್ಟರಲ್ಲಿ ಮಳೆಗಾಲ ಮುಗಿದಿತ್ತು. ದಯವಿಟ್ಟು ನೀವು ಬಿಚ್ಚಬೇಡಿ.

ಅಕ್ಷರಗಳನ್ನು ಕನ್ನಡಕ್ಕೆ ಬದಲಾಯಿಸಿಕೊಳ್ಳೋದೂ ಬೇಡ. ಗಣಿತಜ್ಞ ಡೇವಿಡ್ ಸಿಂಗ್‌ಮಾಸ್ಟರ್ ರೂಢಿಗೆ ತಂದ ಇವೇ ಅಕ್ಷರಗಳು ಎಲ್ಲ ವಿಡಿಯೋದಲ್ಲೂ, ಸ್ಪರ್ಧೆಯ ಹಾಳೆಯಲ್ಲೂ ಇರುತ್ತವೆ. ಆರೇ ಆರು ಮುಖ, ಕಲಿಯೋದು ಕಷ್ಟ ಅಲ್ಲ. ದಿಕ್ಕನ್ನು ಕೈಗೆ ಬಿಡಿ: ಆ ಮುಖದ ಮೇಲೆ ಬಾಟಲಿ ಮುಚ್ಚಳ ಇದೆ ಅಂದುಕೊಳ್ಳಿ. ಬರೀ ಅಕ್ಷರ ಇದ್ದರೆ ಕಾಲು ಸುತ್ತು ಬಿಗಿ ಮಾಡಿ. ಪಕ್ಕದಲ್ಲಿ ಸಣ್ಣ ಗೀಟು ಇದ್ದರೆ ಅದೇ ಪ್ರೈಮ್, ಮುಚ್ಚಳ ಸಡಿಲಿಸುವಂತೆ ತಿರುಗಿಸಿ. 2 ಇದ್ದರೆ ಅರ್ಧ ಸುತ್ತು.

ಈಗ ಸರಿಯಾಗಿ ಜೋಡಿಸಿರುವ ಕ್ಯೂಬ್ ಒಂದನ್ನು ಯಾರ ಹತ್ತಿರವಾದರೂ ತಗೊಳ್ಳಿ. ಮೇಲಿನ ಸೂತ್ರವನ್ನು ಒಮ್ಮೆ ಮಾಡಿ. ಕೆಳಗಿನ ಎರಡು ಪದರ ಅಲುಗಿರಬಾರದು, ಮೇಲೆ ಮುಂದಿನ ಬಲ ಮೂಲೆ ಇದ್ದಲ್ಲೇ ಇರಬೇಕು, ಉಳಿದ ಮೂರು ಮೂಲೆ ಮಾತ್ರ ಜಾಗ ಬದಲಿಸಿರಬೇಕು. ಇನ್ನೆರಡು ಸಲ ಮಾಡಿದರೆ ಕ್ಯೂಬ್ ಮೊದಲಿನಂತಾಗುತ್ತೆ. ಕೆಳಗೆ ಹಿಂಬದಿಯ ಎಡ ಮೂಲೆ ಮೇಲೆ ಬಂದರೆ ಎಲ್ ಉಲ್ಟಾ ತಿರುಗಿಸಿರುವ ಸಾಧ್ಯತೆಯೇ ಹೆಚ್ಚು.