ರಜೆ ಹಾಕಬೇಡಿ, ಪತ್ರ ಬರೆಯಿರಿ

ಈ ವಾರ ಬಂದ ಪತ್ರಗಳಲ್ಲಿ ಒಂದು ನನ್ನನ್ನು ಬಿಡದೆ ಕಾಡಿತು. ಬರೆದವರು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಅಧಿಕಾರಿ. ಕಚೇರಿಗೆ ಮೇಜು, ಕುರ್ಚಿ, ಬೀರು ಕೊಳ್ಳಬೇಕಾಗಿದೆ. ಯಾರಿಂದ ಕೊಳ್ಳಬೇಕು ಎಂದು ತೀರ್ಮಾನಿಸುವ ಟೆಂಡರ್ ಕಮಿಟಿಗೆ ಇವರೂ ಸದಸ್ಯೆ. ಮೈದುನನ ಫರ್ನಿಚರ್ ಅಂಗಡಿಯೂ ತನ್ನ ಬೆಲೆ ಬರೆದು ಬಿಡ್ ಹಾಕಿದೆ. "ಮನೆ ಹುಡುಗನಿಗೆ ಇಷ್ಟೂ ಮಾಡಬಾರದಾ?" ಎಂದು ಅತ್ತೆ ದಿನಾ ಕೇಳುತ್ತಾರೆ. ಕಚೇರಿಯ ಹಿರಿಯರೊಬ್ಬರು, "ಬಿಡ್ ತೆರೆಯುವ ದಿನ ಒಂದು ಸಿಎಲ್ ರಜೆ ಹಾಕಿಬಿಡಿ, ಮುಗೀತು" ಎಂದಿದ್ದಾರೆ. ಮನೆಯವರ ಮನಸ್ಸೂ ಮುರಿಯಬಾರದು, ಕೆಲಸಕ್ಕೂ ಕುತ್ತು ಬರಬಾರದು, ಏನು ಮಾಡಲಿ ಎಂದು ಕೇಳಿದ್ದಾರೆ.

ತಂಗಿ, ನಿಮ್ಮ ಪತ್ರ ಮೂರು ಪುಟ ಇದೆ. ಎರಡು ಪುಟ ಅತ್ತೆಯ ಮಾತುಗಳೇ. ಮೂರನೇ ಪುಟದ ಕೆಳಗೆ ಒಂದು ಸಾಲು ಬರೆದಿದ್ದೀರಿ: ಅಂಗಡಿಯ ಪಾಲುದಾರಿಕೆ ಪತ್ರದಲ್ಲಿ ನಿಮ್ಮ ಯಜಮಾನರ ಹೆಸರೂ ಇದೆ, ಬ್ಯಾಂಕ್ ಸಾಲಕ್ಕೆ ಬೇಕಾಗಿತ್ತು, ಅದು ಬರೀ ಹೆಸರಿಗೆ. ನಾನು ಅಲ್ಲೇ ನಿಂತುಬಿಟ್ಟೆ. ಇಡೀ ಪತ್ರ ಆ ಸಾಲಿನಲ್ಲೇ ಇದೆ.

ಬರೀ ಹೆಸರಿಗೆ ಹಾಕಿದ ಸಹಿ ಅಂತ ಒಂದಿಲ್ಲ ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ! ಜಾಮೀನಿಗೆ ಹಾಕಿದ್ದಿರಲಿ, ಅಣ್ಣತಮ್ಮಂದಿರ ವ್ಯಾಪಾರಕ್ಕೆ ಹಾಕಿದ್ದಿರಲಿ, ಸಹಿ ಅಂದರೆ ಸಹಿ. ಅಂಗಡಿಗೆ ಲಾಭ ಬಂದರೆ ಅದರಲ್ಲಿ ನಿಮ್ಮ ಯಜಮಾನರ ಪಾಲಿದೆ ಎಂದು ಕಾಗದ ಹೇಳುತ್ತದೆ. ಆಡಿಟ್‌ನವರು ನೋಡುವುದೂ ಆ ಕಾಗದವನ್ನೇ.

ನಿಮಗೆ ಅನ್ವಯಿಸುವುದು 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳು. ಅದರ 4ನೇ ನಿಯಮ ನೇರವಾಗಿದೆ. ಕುಟುಂಬದವರಿಗೆ ಹಿತಾಸಕ್ತಿ ಇರುವ ಗುತ್ತಿಗೆಯನ್ನು ನೌಕರರು ತಾವೇ ನಿರ್ವಹಿಸುವಂತಿಲ್ಲ, ಮೇಲಧಿಕಾರಿಗೆ ಒಪ್ಪಿಸಬೇಕು. ನಿಮ್ಮನ್ನೇ ನೆಚ್ಚಿಕೊಂಡು ಬದುಕುತ್ತಿಲ್ಲದ ಮೈದುನ ಆ ನಿಯಮದ ಲೆಕ್ಕದಲ್ಲಿ ಕುಟುಂಬ ಆಗುವುದಿಲ್ಲ. ಗಂಡ ಆಗುತ್ತಾರೆ. ನೀವು ಅತ್ತೆ, ಮೈದುನ ಅಂತ ಕೊರಗುತ್ತಾ ಕೂತಿರಿ. ನಿಮ್ಮನ್ನು ಸಿಕ್ಕಿಸುವ ಎಳೆ ಇರುವುದು ಯಜಮಾನರ ಕೈಯಲ್ಲಿ. ಇನ್ನೊಂದು ಮಾತು. ಕುಟುಂಬದವರು ವ್ಯಾಪಾರದಲ್ಲಿದ್ದರೆ ಸರ್ಕಾರಕ್ಕೆ ತಿಳಿಸಬೇಕು ಎಂದು 15ನೇ ನಿಯಮ ಹೇಳುತ್ತದೆ. ನೀವು ತಿಳಿಸಿದ ಹಾಗೆ ಕಾಣಲಿಲ್ಲ. 

ಹಾಗಾದರೆ ಯಜಮಾನರ ಹೆಸರು ತೆಗೆಸಿಬಿಟ್ಟರೆ ಸಾಕಾ? ಸಾಲದು. 2014ರಲ್ಲಿ ಈ ನಿಯಮಗಳಿಗೆ ಸೇರಿಸಿದ ಸಾಲುಗಳಲ್ಲಿ ಸ್ನೇಹಿತರ ಲಾಭಕ್ಕಾಗಿಯೂ ತೀರ್ಮಾನ ಮಾಡಬಾರದು ಎಂದಿದೆ. ಖಾಸಗಿ ಹಿತಾಸಕ್ತಿ ಇದ್ದರೆ ತಾವಾಗಿಯೇ ಹೇಳಿಕೊಳ್ಳಬೇಕು ಎಂದೂ ಇದೆ. ಸ್ನೇಹಿತರಿಗೇ ಹೀಗೆಂದ ಮೇಲೆ ಮೈದುನನ ಮಾತೇನು?

ಇನ್ನು ಆ ಹಿರಿಯರ ವಿಷಯ. ಅವರ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬಂತು. ಅತ್ತೆಗೆ ನಿಯಮ ಗೊತ್ತಿಲ್ಲ, ಮಗನ ಮೇಲಿನ ಪ್ರೀತಿಗೆ ಕೇಳುತ್ತಾರೆ. ಮೈದುನ ಬಿಡ್ ಹಾಕಿದ್ದೂ ತಪ್ಪಲ್ಲ, ಅವನ ಹೊಟ್ಟೆಪಾಡು ಅದು. ಆದರೆ ಇಷ್ಟು ವರ್ಷ ಕಡತಗಳ ನಡುವೆಯೇ ಕಳೆದವರು ಕಿರಿಯರಿಗೆ ಕಣ್ಣುತಪ್ಪಿಸುವ ದಾರಿ ತೋರಿಸಬಹುದಾ? ಒಂದು ದಿನ ರಜೆ ಹಾಕಿದರೆ ಕಮಿಟಿಯ ಆದೇಶದಿಂದ ನಿಮ್ಮ ಹೆಸರು ಹೋಗುತ್ತದಾ? ಬೀರು ಎಷ್ಟು ಎತ್ತರ ಇರಬೇಕು ಎಂದು ಬರೆದವರಲ್ಲಿ ನೀವೂ ಒಬ್ಬರು. ನಾಳೆ ಸಾಮಾನು ಬಂದಾಗ ಪರಿಶೀಲಿಸುವವರು ಯಾರು, ಬಿಲ್ಲಿಗೆ ಟಿಪ್ಪಣಿ ಹಾಕುವವರು ಯಾರು? ಅಂಗಡಿಗೆ ಆರ್ಡರ್ ಸಿಕ್ಕಿದರೆ ಆ ಸಿಎಲ್ಲೇ ನಿಮ್ಮ ವಿರುದ್ಧ ಸಾಕ್ಷಿ ಆಗುತ್ತದೆ. ಗೊತ್ತಿದ್ದೂ ಬಚ್ಚಿಟ್ಟರು ಅನ್ನುತ್ತಾರೆ. ನನ್ನ ಜೊತೆ ಕೆಲಸ ಮಾಡಿದ ಒಬ್ಬರು ಒಂದು ರೂಪಾಯಿ ಮುಟ್ಟದೆ ಇಲಾಖಾ ವಿಚಾರಣೆ ಎದುರಿಸಿದರು. ನಂಟನ್ನು ಹೇಳಿಕೊಳ್ಳದೆ ಇದ್ದದ್ದೊಂದೇ ಅವರ ಮೇಲಿನ ಆರೋಪ.

ನೀವು ಮಾಡಬೇಕಾದ್ದು ಒಂದೇ. ಬಿಡ್ ತೆರೆಯುವ ಮೊದಲೇ ಮೇಲಧಿಕಾರಿಗೆ ಒಂದು ಪುಟದ ಪತ್ರ ಕೊಡಿ. ಅಂಗಡಿಯ ಹೆಸರು, ಮೈದುನನ ಸಂಬಂಧ, ಪಾಲುದಾರಿಕೆಯಲ್ಲಿ ಯಜಮಾನರ ಹೆಸರು, ಇದುವರೆಗೆ ಈ ಖರೀದಿಯಲ್ಲಿ ನೀವು ಮಾಡಿದ ಕೆಲಸ, ಎಲ್ಲವನ್ನೂ ಬರೆಯಿರಿ. ಊಟದ ಹೊತ್ತಿನಲ್ಲಿ ಮೈದುನನಿಗೆ ಟೆಂಡರ್ ಬಗ್ಗೆ ಏನಾದರೂ ಹೇಳಿದ್ದರೆ ಅದನ್ನೂ ಬಿಡಬೇಡಿ. ಕಮಿಟಿಯಿಂದ ನನ್ನನ್ನು ಕೈಬಿಡಿ, ಈ ಕಡತ ನನ್ನ ಮೇಜಿಗೆ ಬರುವುದು ಬೇಡ ಎಂದು ಕೇಳಿ. ಬಾಯಿಮಾತಲ್ಲಿ ಹೇಳಿದರೆ ಸಾಲದು. ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ಪತ್ರ ಬಂತು ಎಂದು ದಾಖಲಿಸುವ ಡೈರಿ ನಂಬರ್ ಹಾಕಿಸಿ, ಒಂದು ನಕಲನ್ನು ಮನೆಯಲ್ಲಿ ಇಟ್ಟುಕೊಳ್ಳಿ. ಆಮೇಲೆ ಆ ಬಿಡ್ ಏನಾಗಬೇಕು ಎಂದು ಅವರು ನೋಡಿಕೊಳ್ಳುತ್ತಾರೆ. ಹಿತಾಸಕ್ತಿ ಸಂಘರ್ಷ ಇದ್ದರೆ ಬಿಡ್ ಹಾಕುವವರೂ ಹೇಳಬೇಕು ಎಂದು 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿದೆ. ಹಾಗಾಗಿ ಮೈದುನನೂ ಒಂದು ಪತ್ರ ಬರೆಯಬೇಕಾಗುತ್ತದೆ.

ಅದನ್ನು ಅವನಿಗೆ ಹೇಳುವ ಕೆಲಸ ನಿಮ್ಮದಲ್ಲ. ಪಾಲುದಾರರಾಗಿ ಸಹಿ ಹಾಕಿದವರು ಯಜಮಾನರು. ಇಷ್ಟು ದಿನ ಸುಮ್ನೆ ಇದ್ದವರೂ ಅವರೇ. ನೀವು ಪತ್ರ ಕೊಟ್ಟು ಬಂದ ಸಂಜೆ ಅವರೇ ತಮ್ಮನನ್ನು ಕರೆದು, ಅಮ್ಮನ ಹತ್ತಿರ ಕೂತು ಎಲ್ಲ ಹೇಳಲಿ. ಆ ಹೊತ್ತಿಗೆ ನೀವು ಅಲ್ಲಿ ಇರಬೇಕಾಗಿಯೂ ಇಲ್ಲ.