ವಿಯೆಟ್ನಾಮಿ ಭಾಷೆಯ ‘ಗಾಯ್’ ಅಂದರೆ ಮುಳ್ಳಿನ ಮರವೇ?

ಮುಳ್ಳಿನ ಮರಗಳಿಗೆಲ್ಲ ‘ಗಾಯ್’ ಅಂದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಗಾಯ್ ಅಂದರೆ ಬರೀ ಮುಳ್ಳು. ಗಿಡಮರಕ್ಕೆ ಅವರ ಪದ ‘ಕಯ್’. ಹಾಗೆಂದು ಎರಡನ್ನೂ ಜೋಡಿಸಿ ‘ಕಯ್ ಗಾಯ್’ ಅಂದರೆ ಅರ್ಥವೇ ಬೇರೆಯಾಗುತ್ತದೆ. ಅದು ರಾಮಿ ಎಂಬ ನಾರಿನ ಗಿಡದ ಹೆಸರು, ಅದರಲ್ಲಿ ಮುಳ್ಳೇ ಇಲ್ಲ. ಅದರ ಎಲೆ ಬೇಯಿಸಿ, ನುಣ್ಣಗೆ ಕುಟ್ಟಿ, ಅಂಟಕ್ಕಿ ಹಿಟ್ಟಿಗೆ ನಾದಿ, ಹೆಸರುಬೇಳೆ ಹೂರಣ ತುಂಬಿ, ಒಣ ಬಾಳೆಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವ ಕಪ್ಪು ಕಡುಬೇ ‘ಬಾಞ್ ಗಾಯ್’.

ಮುಳ್ಳಿರುವ ಮರ ಅನ್ನಬೇಕಾದರೆ ನಡುವೆ ‘ಇದೆ’ ಎಂಬರ್ಥದ ‘ಕೊ’ ಸೇರಿಸಿ: ‘ಕಯ್ ಕೊ ಗಾಯ್’. ಜಾತಿ ಗೊತ್ತಿದ್ದರೆ ಅದರ ಹೆಸರಿನ ಆಮೇಲೆ ಗಾಯ್ ಬರುತ್ತದೆ. ‘ಚೆ’ ಬಿದಿರು, ‘ಚೆ ಗಾಯ್’ ಹಳ್ಳಿಗಳ ಸುತ್ತ ಬೇಲಿಯಾಗಿ ಬೆಳೆಸುವ ಮುಳ್ಳುಬಿದಿರು. ನಮ್ಮಲ್ಲಿ ಮುಳ್ಳು ಮೊದಲು, ಅವರಲ್ಲಿ ಕೊನೆಗೆ. ಆದರೆ ಕಾಂಡದ ತುಂಬ ಕವಲೊಡೆದ ಮುಳ್ಳಿರುವ ‘ಬೋ ಕೆಟ್’ ಮರದ ಹೆಸರಿನಲ್ಲಿ ಗಾಯ್ ಇಲ್ಲವೇ ಇಲ್ಲ. ಅದರ ಕಾಯಿಯನ್ನು ಕೆಂಡದಲ್ಲಿ ಸುಟ್ಟು, ಕುದಿಸಿ, ಆ ನೀರಿನಲ್ಲಿ ತಲೆ ತೊಳೆಯುತ್ತಾರೆ, ನಮ್ಮ ಸೀಗೆಕಾಯಿಯ ಹಾಗೆ.

ಉಚ್ಚಾರದಲ್ಲಿ ‘ಗಾ’ ದೀರ್ಘವೇ ಇರಲಿ. ‘ಗ’ವನ್ನು ಒತ್ತಬೇಡಿ, ಗಂಟಲಲ್ಲಿ ಉಜ್ಜಿದಂತೆ ಬಿಡಿ. ದನಿ ಸಮವಾಗಿರಬೇಕು. ಏರಿಸಿದರೆ ಅದೇ ಪದ ‘ಹುಡುಗಿ’ ಆಗುತ್ತದೆ. ಚುಚ್ಚಿದರೆ ಗಾಯ ಎಂದು ನೆನಪಿಟ್ಟುಕೊಂಡರೆ ಅರ್ಥವೂ ದೀರ್ಘವೂ ಮರೆಯುವುದಿಲ್ಲ.

ನನಗೆ ತುಂಬ ಹಿಡಿಸುವುದು ಇದರ ನುಡಿಗಟ್ಟುಗಳು. ನಾವು ಕಲ್ಲುಮುಳ್ಳಿನ ಹಾದಿ ಅನ್ನುವ ಕಡೆ ಅವರು ‘ಚೊಂಗ್ ಗಾಯ್’ ಅನ್ನುತ್ತಾರೆ. ಚೊಂಗ್ ಎಂದರೆ ನೆಲದಲ್ಲಿ ನೆಡುವ ಚೂಪು ಗೂಟ. ‘ನಮ್ ಗಾಯ್ ನೆಮ್ ಮಟ್’, ಅಂದರೆ ಮುಳ್ಳಿನ ಮೇಲೆ ಮಲಗಿ ಪಿತ್ತ ಸವಿಯುವುದು, ಗುರಿಗಾಗಿ ವರ್ಷಗಟ್ಟಲೆ ಕಷ್ಟ ನುಂಗುವುದಕ್ಕೆ ಹೇಳುವ ಮಾತು. ಚೀನಿ ಮೂಲದಲ್ಲಿ ಮಲಗುವುದು ಸೌದೆಯ ಮೇಲೆ, ವಿಯೆಟ್ನಾಮಿಗೆ ಬಂದಾಗ ಅದು ಮುಳ್ಳಾಯಿತು. ನೋಡಲು ಕಣ್ಣಿಗೆ ಚುಚ್ಚುವಂಥದ್ದು ‘ಗಾಯ್ ಮಟ್’. ಈ ‘ಮಟ್’ ಕಣ್ಣು, ಹಿಂದಿನದು ಪಿತ್ತ. ಸ್ವರವೂ ದನಿಯೂ ಬೇರೆ, ಕನ್ನಡ ಲಿಪಿಯಲ್ಲಿ ಮಾತ್ರ ಒಂದೇ.

ಕನ್ನಡಿಗರು ಎಡವುವ ಜಾಗ ಇನ್ನೊಂದಿದೆ. ನಮ್ಮ ‘ಮುಳ್ಳು’ ಹೋದಲ್ಲೆಲ್ಲ ಗಾಯ್ ಹೋಗುವುದಿಲ್ಲ. ಮೀನಿನ ಮುಳ್ಳಿಗೆ ಮೂಳೆ ಎಂಬರ್ಥದ ‘ಸುಅಂಗ್’ ಅನ್ನಬೇಕು, ಗಡಿಯಾರದ ಮುಳ್ಳಿಗೆ ‘ಕಿಮ್’, ಅಂದರೆ ಸೂಜಿ.