ಅವರು ಇತ್ತ ಬರುವಾಗ ನಾವು ಅತ್ತ ಹೊರಡೋಣ

ತಂಗಿ, ನಿಮ್ಮ ಪ್ರಶ್ನೆ ಬೆಳಗ್ಗೆಯೇ ಓದಿದೆ. ಮಳೆ ಈಗ ಸ್ವಲ್ಪ ಬಿಟ್ಟಿದೆ, ಕೂತು ಬರೆಯುತ್ತಿದ್ದೇನೆ. ನೀವು ಕೇಳಿದ್ದು ಇಷ್ಟು. ಮೂಡಿಗೆರೆ ಹತ್ತಿರ ಕಾಫಿ ತೋಟ, ಎಂಟನೇ ಕ್ಲಾಸಿನ ಮಗ, ಐದನೇ ಕ್ಲಾಸಿನ ಮಗಳು. ಈ ವರ್ಷದೊಳಗೆ ಎರಡು ಮೂರು ದಿನ ಸಿಟಿ ನೋಡಿಕೊಂಡು ಬರಬೇಕು. ಯಾವ ರಜೆಗೆ, ಯಾವ ಊರಿಗೆ, ತೋಟ ಬಿಟ್ಟು ಹೇಗೆ ಅಂತ. ಲಾಂಗ್ ವೀಕೆಂಡಿನಲ್ಲಿ ಮಾತ್ರ ಹೊರಡಬೇಡಿ, ಬರೀ ಜಾಮ್ ಅಂತ ಮೂರ್ನಾಲ್ಕು ಜನ ಉತ್ತರ ಹಾಕಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ.

ಜಾಮ್ ಆಗುವುದು ಒಂದೇ ದಿಕ್ಕಿಗೆ ಅಲ್ವಾ? ರಜೆಯ ಹಿಂದಿನ ಸಂಜೆ ಮತ್ತು ಮೊದಲ ದಿನ ಬೆಳಗ್ಗೆ ಬೆಂಗಳೂರಿನವರೆಲ್ಲ ನಮ್ಮ ಕಡೆ ಬರುತ್ತಾರೆ. ಕೊನೆಯ ದಿನ ಮಧ್ಯಾಹ್ನದ ಮೇಲೆ ವಾಪಸ್ ಹೊರಡುತ್ತಾರೆ. ನೆಲಮಂಗಲದಲ್ಲಿ ವಾಹನ ಸಾಲುಗಟ್ಟುವುದು ಆ ಎರಡು ಹೊತ್ತಿನಲ್ಲಿ. ನಾವು ಹೋಗುವುದೂ ಬರುವುದೂ ಅದಕ್ಕೆ ಎದುರು. ಹಾಸನದಿಂದ ಬೆಂಗಳೂರು ಸುಮಾರು 185 ಕಿಲೋಮೀಟರ್, ನಡುವೆ ಡಿವೈಡರ್ ಇರುವ ರಸ್ತೆ. ಆಚೆ ಬದಿಯಲ್ಲಿ ಕಾರುಗಳು ನಿಂತಿದ್ದರೂ ನಮ್ಮ ಬದಿ ಸಲೀಸು. ಅಲ್ಲಿ ಹೋದ ಮೇಲೆ ಇನ್ನೂ ಒಳ್ಳೆಯದು. ಅರ್ಧ ಊರು ಹೊರಗೆ ಹೋಗಿರುತ್ತದೆ, ಮಕ್ಕಳ ಕೈ ಹಿಡಿದು ನೆಮ್ಮದಿಯಾಗಿ ರಸ್ತೆ ದಾಟಬಹುದು. ನಾವು ನಾಲ್ಕು ಸಲ ಹೀಗೇ ಹೋಗಿ ಬಂದಿದ್ದೇವೆ. ಎಚ್ಚರ ಬೇಕಾದದ್ದು ಹಾಸನ ಮುಟ್ಟುವವರೆಗೆ ಮಾತ್ರ. ಬೇಲೂರು ದೇವಸ್ಥಾನದ ಹತ್ತಿರ ಹತ್ತು ಗಂಟೆಗೆ ಸಿಕ್ಕಿಕೊಂಡರೆ ಅಲ್ಲೇ ಹೊತ್ತು ಹೋಗುತ್ತದೆ. ಏಳರೊಳಗೆ ಬೇಲೂರು ದಾಟಿಬಿಡಿ.

ಇನ್ನು ಯಾವ ರಜೆ. ಕ್ಯಾಲೆಂಡರಿನ ಪಕ್ಕದಲ್ಲಿ ತೋಟದ ಕೆಲಸವನ್ನೂ ಇಟ್ಟು ನೋಡಬೇಕು. 2026ರಲ್ಲಿ ಇನ್ನು ಉಳಿದಿರುವ, ವಾರಾಂತ್ಯಕ್ಕೆ ಅಂಟಿಕೊಂಡ ರಜೆಗಳಲ್ಲಿ ನಾನು ನೋಡಿದ್ದು ನಾಲ್ಕು. ಆಗಸ್ಟ್ 15 ಶನಿವಾರ, ಗಣೇಶನ ಹಬ್ಬ ಸೆಪ್ಟೆಂಬರ್ 14 ಸೋಮವಾರ, ಗಾಂಧಿ ಜಯಂತಿ ಶುಕ್ರವಾರ, ಕ್ರಿಸ್‌ಮಸ್ ಕೂಡ ಶುಕ್ರವಾರ. ಆಗಸ್ಟಿನಲ್ಲಿ ಹೊರಡಲು ನನಗೆ ಧೈರ್ಯ ಸಾಲುವುದಿಲ್ಲ. ಮಳೆ ಜೋರಾದರೆ ಮರ ಬಿದ್ದು ಕರೆಂಟ್ ಹೋಗುತ್ತದೆ, ಕೊಳೆ ರೋಗ ಕಾಣಿಸಿಕೊಂಡಿದ್ದರೆ ಮನಸ್ಸೆಲ್ಲ ಗಿಡದ ಮೇಲೇ ಇರುತ್ತದೆ. ಜೊತೆಗೆ ಮಕ್ಕಳು ಬೆಳಗ್ಗೆ ಧ್ವಜಾರೋಹಣಕ್ಕೆ ಶಾಲೆಯಲ್ಲಿ ಇರಬೇಕು. ಗೌರಿ ಗಣೇಶ ಮನೆಯಲ್ಲೇ ಆಗಬೇಕು. ಆಗ ಬೆಂಗಳೂರಿನ ನೆಂಟರ ಮಕ್ಕಳನ್ನು ಇಲ್ಲಿಗೆ ಕರೆಸಿಕೊಳ್ಳಿ. ಕ್ರಿಸ್‌ಮಸ್ ಹೊತ್ತಿಗೆ ಅರೇಬಿಕಾ ಕೊಯ್ಲು ನಡೆಯುತ್ತಿರುತ್ತದೆ, ಕಣದಲ್ಲಿ ಕಾಫಿ ಹರಡಿರುತ್ತದೆ. ಅದನ್ನು ಬಿಟ್ಟು ಯಾರು ಹೋಗುತ್ತಾರೆ?

ಉಳಿದದ್ದು ಅಕ್ಟೋಬರ್ 2. ತೋಟದವರಿಗೆ ಇದಕ್ಕಿಂತ ಒಳ್ಳೆಯ ರಜೆ ಇಲ್ಲ ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಮಳೆ ಇಳಿಮುಖ. ಸೆಪ್ಟೆಂಬರಿನಲ್ಲೇ ಗೊಬ್ಬರ ಹಾಕಿ ಮುಗಿಸಿದರೆ, ಫ್ಲೈ ಪಿಕ್ಕಿಂಗ್, ಅಂದರೆ ಮೊದಲು ಹಣ್ಣಾದ ಕಾಫಿ ಆರಿಸಿ ಕೊಯ್ಯುವುದು, ಶುರುವಾಗುವವರೆಗೆ ಸ್ವಲ್ಪ ಬಿಡುವು. ಬೋರರ್ (ಕಾಂಡ ಕೊರೆಯುವ ಹುಳು) ಹತ್ತಿದ ಗಿಡ ಗುರುತಿಸುವ ಕೆಲಸ ಇದ್ದೇ ಇರುತ್ತದೆ, ಆದರೆ ಅದು ಮೂರು ದಿನ ತಡೆಯುತ್ತದೆ. ಈ ಸಲ ಶುಕ್ರವಾರ ಬಿದ್ದಿದೆ. ಶನಿವಾರ ಒಂದು ದಿನ ಶಾಲೆಗೆ ರಜೆ ಚೀಟಿ ಕೊಟ್ಟರೆ ಮೂರು ದಿನ ಸಿಕ್ಕಿತು. ಮುಂದಿನ ವರ್ಷ ಈ ಅನುಕೂಲ ಇಲ್ಲ. ಒಂದು ವರ್ಷಕ್ಕೆ 52 ವಾರ, ಮೇಲೆ ಒಂದು ದಿನ. ಹಾಗಾಗಿ ತಾರೀಕಿನ ರಜೆಗಳು ಒಂದೊಂದು ದಿನ ಮುಂದೆ ಹೋಗುತ್ತವೆ. 2027ರಲ್ಲಿ ಗಾಂಧಿ ಜಯಂತಿ ಶನಿವಾರ, ಸ್ವಾತಂತ್ರ್ಯ ದಿನ ಭಾನುವಾರ. ಆದ್ದರಿಂದ ಈ ವರ್ಷದ್ದನ್ನು ಬಿಡಬೇಡಿ.

ಮೈಸೂರಿನ ವಿಷಯ. ಮೈಸೂರು ನನಗೆ ಬಹಳ ಇಷ್ಟದ ಊರು. ಆದರೆ ಮೂರು ದಿನದ ರಜೆಗೆ ಅಲ್ಲಿಗೆ ಹೋಗಬೇಡಿ. ಬೆಂಗಳೂರಿನವರು ನಮ್ಮ ಕಡೆ ಬಂದಷ್ಟೇ ಅತ್ತಲೂ ಹೋಗುತ್ತಾರೆ, ಎಕ್ಸ್‌ಪ್ರೆಸ್ ರಸ್ತೆ ಆದ ಮೇಲಂತೂ ಇನ್ನೂ ಜಾಸ್ತಿ. 2023ರಲ್ಲಿ ಗಾಂಧಿ ಜಯಂತಿ ಸೋಮವಾರ ಬಿದ್ದಿತ್ತು. ನಾವು ಒಂದು ಲಾಡ್ಜಿಗೆ ಫೋನಿನಲ್ಲಿ ಹೇಳಿ ಹೊರಟೆವು, ಮುಂಗಡ ಕೊಟ್ಟಿರಲಿಲ್ಲ. ರಾತ್ರಿ ಎಂಟಕ್ಕೆ ಹೋದರೆ ರೂಮು ಬೇರೆಯವರಿಗೆ ಕೊಟ್ಟಾಗಿತ್ತು. ಹನ್ನೊಂದರವರೆಗೆ ಊರೆಲ್ಲ ಸುತ್ತಿದೆವು. ಚಿಕ್ಕವಳು ಹಸಿವಿನಿಂದ ಅತ್ತು ಕಾರಿನಲ್ಲೇ ನಿದ್ದೆ ಹೋದಳು. ಆ ರಾತ್ರಿ ನೆನೆದರೆ ಈಗಲೂ ಸಂಕಟವಾಗುತ್ತದೆ. ಆಮೇಲೆ ಮುಂಗಡ ಕಟ್ಟಿ, ರಸೀದಿ ಮೊಬೈಲಿನಲ್ಲಿ ಇಟ್ಟುಕೊಳ್ಳದೆ ನಾವು ಮನೆ ಬಿಟ್ಟಿಲ್ಲ.

ಮೈಸೂರಿಗೆ ಬೇರೆ ದಾರಿ ಇದೆ. ಯಾವ ರಜೆಯೂ ಇಲ್ಲದ ಒಂದು ಭಾನುವಾರ ಮಧ್ಯಾಹ್ನ ಹೊರಡಿ. ಹೊಳೆನರಸೀಪುರ, ಕೆ.ಆರ್. ನಗರದ ಮೇಲೆ ಹೋಗಿ. ಭಾನುವಾರ ಸಂಜೆ ಏಳಕ್ಕೆ ಅರಮನೆಗೆ ದೀಪ ಹಾಕುತ್ತಾರೆ, ಮಕ್ಕಳು ಜನ್ಮದಲ್ಲಿ ಮರೆಯುವುದಿಲ್ಲ. ಅಷ್ಟು ಹೊತ್ತಿಗೆ ಬೆಂಗಳೂರಿನವರು ಮನೆ ದಾರಿ ಹಿಡಿದಿರುತ್ತಾರೆ. ಸೋಮವಾರ ಬೆಳಗ್ಗೆ ಮೃಗಾಲಯ ನೋಡಿ ಸಂಜೆಗೆ ಮನೆ ಸೇರಿ. ಮಂಗಳವಾರಕ್ಕೆ ಇಟ್ಟುಕೊಳ್ಳಬೇಡಿ, ಅಂದು ಮೃಗಾಲಯಕ್ಕೆ ವಾರದ ರಜೆ. ಮಂಗಳೂರಿಗೂ ಲಾಂಗ್ ವೀಕೆಂಡಿನಲ್ಲಿ ಬೇಡ, ಘಾಟಿ ಇಳಿಯುವಾಗ ನಾವೂ ಬೆಂಗಳೂರಿನವರ ಜೊತೆಯಲ್ಲೇ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಹಾಗಾಗಿ ಅಕ್ಟೋಬರಿಗೆ ಬೆಂಗಳೂರು. ರೂಮನ್ನು ಯಶವಂತಪುರ ಅಥವಾ ಮಲ್ಲೇಶ್ವರದ ಕಡೆ ಮಾಡಿ. ನಾವು ಒಳಗೆ ಹೋಗುವುದೇ ತುಮಕೂರು ರಸ್ತೆಯಿಂದ. ಕಾರನ್ನು ಲಾಡ್ಜಿನಲ್ಲಿ ನಿಲ್ಲಿಸಿದರೆ ವಾಪಸ್ ಹೊರಡುವವರೆಗೆ ಮುಟ್ಟಬೇಡಿ. ಮೆಟ್ರೋದ ಹಸಿರು ಮಾರ್ಗ ಅಲ್ಲೇ ಹಾದುಹೋಗುತ್ತದೆ. ಯಶವಂತಪುರದಲ್ಲಿ ಹತ್ತಿದರೆ ಮೆಜೆಸ್ಟಿಕ್, ಲಾಲ್‌ಬಾಗ್, ಜಯನಗರ ಎಲ್ಲಾ ಒಂದೇ ರೈಲಿನಲ್ಲಿ. ಮೆಜೆಸ್ಟಿಕ್ಕಿನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ವಿಧಾನಸೌಧ, ಕಬ್ಬನ್ ಪಾರ್ಕ್, ಎಂ.ಜಿ. ರಸ್ತೆ. ನಮ್ಮ ಮಕ್ಕಳಿಗಂತೂ ಆ ರೈಲೇ ದೊಡ್ಡ ಸಂಭ್ರಮ.

ಶುಕ್ರವಾರ ಹೋಗಿ ತಲುಪಿ, ಸಂಜೆ ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಓಡಾಡಿ. ಅಂದು ಗಾಂಧಿ ಜಯಂತಿ, ಊರಿನಲ್ಲಿ ಮಾಂಸ ಮಾರಾಟ ಇರುವುದಿಲ್ಲ. ಮಗ ಬಿರಿಯಾನಿ ಕೇಳಿದರೆ ಶನಿವಾರಕ್ಕೆ ಅಂತ ಮೊದಲೇ ಹೇಳಿಡಿ. ಶನಿವಾರ ಬೆಳಗಿನ ಹೊತ್ತೆಲ್ಲ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಕೊಡಿ. 1962ರಲ್ಲಿ ಶುರುವಾದದ್ದು. ಎಂಟನೇ ಕ್ಲಾಸಿನವನಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಪುಸ್ತಕದಲ್ಲಿ ಚಿತ್ರ ನೋಡಿದ ಇಂಜಿನ್‌ಗಳು ಕಣ್ಣೆದುರಿಗೇ ಇವೆ. ರೈಟ್ ಸಹೋದರರು ಹಾರಿಸಿದ ವಿಮಾನದ ಅದೇ ಅಳತೆಯ ಮಾದರಿಯೂ ಇದೆ. ನನ್ನ ಮಗ ಅದರ ಮುಂದಿನಿಂದ ಅಲುಗಲೇ ಇಲ್ಲ. ಒಂದೇ ದಿನಕ್ಕೆ ಐದು ಜಾಗ ತುರುಕಬೇಡಿ. ಮಧ್ಯಾಹ್ನ ಕಬ್ಬನ್ ಪಾರ್ಕಿನ ನೆರಳಿನಲ್ಲಿ ಕೂತು, ಸಂಜೆ ಚರ್ಚ್ ಸ್ಟ್ರೀಟಿಗೆ ನಡೆಯಿರಿ. ಅಲ್ಲಿನ ಇಂಡಿಯನ್ ಕಾಫಿ ಹೌಸ್‌ನಲ್ಲಿ ಕಾಫಿ ಕುಡಿಯಿರಿ, ಪುಸ್ತಕದ ಅಂಗಡಿಯಲ್ಲಿ ಮಕ್ಕಳನ್ನು ಒಂದು ಗಂಟೆ ಬಿಡಿ. ನಾವು ಬೆಳೆದದ್ದನ್ನು ಜನ ಕೂತು ಖುಷಿಯಿಂದ ಕುಡಿಯುವುದನ್ನು ಮಕ್ಕಳು ನೋಡಬೇಕು ಅಂತ ನನಗೆ ಆಸೆ. ಭಾನುವಾರ ಬೆಳಗ್ಗೆ ಬೇಗ ಲಾಲ್‌ಬಾಗ್. ಕೆಂಪೇಗೌಡರ ಗೋಪುರ ಇರುವ ಆ ಬಂಡೆಗೆ ಮುನ್ನೂರು ಕೋಟಿ ವರ್ಷ ವಯಸ್ಸು. ಅದರ ಮೇಲೆ ನಿಂತು ಊರು ನೋಡಿ, ತಿಂಡಿ ಮುಗಿಸಿ, ಹತ್ತಕ್ಕೆ ಹೊರಡಿ.

ಹತ್ತಕ್ಕೆ ಅಂತ ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ನಿಮಗೂ ಗೊತ್ತು, ನಮ್ಮ ರಸ್ತೆಗಳಲ್ಲಿ ಕತ್ತಲಾದ ಮೇಲೆ ಆನೆ ಭಯ. ಮಕ್ಕಳನ್ನು ಕೂರಿಸಿಕೊಂಡು ಸಂಜೆ ಆರರ ನಂತರ ತೋಟದ ದಾರಿಯಲ್ಲಿ ಇರಲೇಬಾರದು. ಬೆಳಗ್ಗೆಯೂ ಅಷ್ಟೇ, ಬೆಳಕು ಹರಿದ ಮೇಲೆ ಆರು ಗಂಟೆಗೆ ಮನೆ ಬಿಡಿ. ಹೊರಡುವ ಮೊದಲು, ಆನೆ ಎಲ್ಲಿದೆ ಅಂತ ತಿಳಿಸುವ ಮೊಬೈಲ್ ಗುಂಪಿನ ಮೆಸೇಜ್ ನೋಡಿ. ಕಾರು ಬೇಡ ಅಂದರೆ ಹಾಸನದಿಂದ ರೈಲಿದೆ. ರೈಲ್ವೆ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಅಕ್ಟೋಬರ್ 2ಕ್ಕೆ ಬೇಕಾದರೆ ಆಗಸ್ಟ್ 3ರ ಬೆಳಗ್ಗೆ ಎಂಟಕ್ಕೇ ಕೂತುಕೊಳ್ಳಿ. ಶಕ್ತಿ ಯೋಜನೆಯ ಬಸ್ಸಿನಲ್ಲಿ ನಿಮಗೂ ಮಗಳಿಗೂ ಟಿಕೆಟ್ ದುಡ್ಡು ಇಲ್ಲ ನಿಜ, ಆದರೆ ರಜೆ ದಿನ ಸೀಟು ಸಿಗುವುದು ಕಷ್ಟ.

ತೋಟದ ಏರ್ಪಾಟು ಎರಡು ವಾರ ಮೊದಲೇ ಶುರುವಾಗಲಿ. ಆಳುಗಳ ಬಟವಾಡೆ ದುಡ್ಡು ಅಕ್ಟೋಬರ್ 1ರ ಗುರುವಾರವೇ ತಂದು, ಎಣಿಸಿ, ಹೆಸರು ಬರೆದ ಕವರಿನಲ್ಲಿ, ತೋಟದ ಲೆಕ್ಕ ಬರೆಯುವ ರೈಟರ್ ಕೈಗೆ ಕೊಡಿ. ದುಡಿದವರ ದುಡ್ಡು ನಮ್ಮ ತಿರುಗಾಟಕ್ಕೋಸ್ಕರ ಒಂದು ದಿನವೂ ತಡವಾಗಬಾರದು. ಅಂದಹಾಗೆ ಎಲ್ಲಿಗೂ ಹೋಗದವರೂ ಗಣೇಶನ ಹಬ್ಬದಲ್ಲಿ ಇದನ್ನು ನೆನಪಿಡಿ. ಸೆಪ್ಟೆಂಬರ್ 12 ಎರಡನೇ ಶನಿವಾರ, 13 ಭಾನುವಾರ, 14 ಹಬ್ಬ. ಬ್ಯಾಂಕು ಸತತ ಮೂರು ದಿನ ಮುಚ್ಚಿರುತ್ತದೆ, ದುಡ್ಡು 11ಕ್ಕೇ ತರಬೇಕು. ದನ ನಾಯಿ ನೋಡಿಕೊಳ್ಳುವವರಿಗೆ ಏನು ಎಷ್ಟು ಹಾಕಬೇಕು ಅಂತ ಒಂದು ದಿನ ಜೊತೆಯಲ್ಲಿದ್ದು ತೋರಿಸಿ. ಬೆಳಗ್ಗೆ ಎಂಟಕ್ಕೆ ಮಳೆ ಅಳೆದು ಇಂಚು ಸೆಂಟ್ (ಇಂಚಿನ ನೂರರಲ್ಲೊಂದು ಪಾಲು) ಲೆಕ್ಕದಲ್ಲಿ ಮೆಸೇಜ್ ಹಾಕಲು ರೈಟರಿಗೆ ಹೇಳಿ. ನಮ್ಮನೆಯವರು ಆ ಮೆಸೇಜ್ ಬಂದ ಮೇಲೆಯೇ ನೆಮ್ಮದಿಯಾಗಿ ತಿಂಡಿಗೆ ಕೂರುವುದು.

ಹೋಂಸ್ಟೇ ಇರುವವರಿಗೆ ಈ ಲೆಕ್ಕ ಬೇರೆ. ಲಾಂಗ್ ವೀಕೆಂಡ್ ಅವರಿಗೆ ದುಡಿಮೆಯ ಹೊತ್ತು. ಅತಿಥಿಗಳು ಖಾಲಿ ಮಾಡಿದ ಮಾರನೇ ದಿನ ಹೊರಡಲಿ. ಆದರೆ ಬೆಂಗಳೂರಿನಲ್ಲಿ ಆಗ ಟ್ರಾಫಿಕ್ ಎಂದಿನಂತೆ.

ರೂಮು ಈ ವಾರವೇ ನೋಡಿ, ಆಗಸ್ಟ್ ದಾಟಿಸಬೇಡಿ. ನಮ್ಮ ಮನೆ ಬೇಲೂರಿಗೆ ಬರುವ ನಿಮ್ಮ ದಾರಿಯಲ್ಲೇ ಇದೆ, ಗೇಟು ರಸ್ತೆಗೇ ಕಾಣುತ್ತದೆ. ಹೊರಡುವ ಹಿಂದಿನ ದಿನ ಒಂದು ಮೆಸೇಜ್ ಹಾಕಿ. ಮಕ್ಕಳಿಗೆ ಹಾಲು, ನಿಮಗೆ ಕಾಫಿ ಆರೂವರೆಗೆ ಸಿದ್ಧ ಇಟ್ಟಿರುತ್ತೇನೆ. ಹತ್ತು ನಿಮಿಷ ನಿಂತು ಹೋಗಿ.